ಸೀ ಅರ್ಚಿನ್ ಚಿಪ್ಪು ಮನೆಗೆ ತರುವುದು ಹೇಗೆ, ಸಮುದ್ರಸೌತೆ ಸಿಕ್ಕರೆ ಏನು ಮಾಡಬೇಕು

ಮಲ್ಪೆ, ಪಡುಕೆರೆ ಕಡೆ ಕೈರಂಪಣಿ (ದಡದಿಂದ ಕೈಯಲ್ಲೇ ಎಳೆಯುವ ಬಲೆ) ಎಳೆದು ಮೀನು ಆರಿಸಿಕೊಂಡ ಮೇಲೆ ಮರಳಲ್ಲಿ ಉಳಿಯುವ ಕಸವನ್ನು ಒಮ್ಮೆ ಕೆದಕಿ ನೋಡಿ. ಏಡಿಕಾಲು, ಒಡೆದ ಚಿಪ್ಪುಗಳ ನಡುವೆ ಗುಂಡಗೆ, ಹಗುರವಾಗಿ, ಮೈತುಂಬ ಸಣ್ಣ ಗುಬುಟು ಇರುವ ಒಂದು ಚಿಪ್ಪು ಸಿಗಬಹುದು. ಅದೇ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಪ್ರಾಣಿಯ ಚಿಪ್ಪು. ಜಪಾನಿನವರು ಈ ಪ್ರಾಣಿಯೊಳಗಿನ ಐದು ಹಳದಿ ಎಸಳುಗಳನ್ನು 'ಊನಿ' ಅಂತ ದುಬಾರಿ ಬೆಲೆಗೆ ಕೊಂಡು ತಿನ್ನುತ್ತಾರೆ. ಅವು ಅದರ ಸಂತಾನಾಂಗಗಳು. ಅಂಡ ಮತ್ತು ವೀರ್ಯದ ಕೋಶಕೇಂದ್ರಗಳು ಕೂಡುವುದನ್ನು 1876ರಲ್ಲಿ ಜರ್ಮನಿಯ ಆಸ್ಕರ್ ಹರ್ಟ್‌ವಿಗ್ ಗುರುತಿಸಿದ್ದೂ ಸೀ ಅರ್ಚಿನ್ ಮೊಟ್ಟೆಯಲ್ಲೇ. ನಮಗೆ ಮನೆಯಲ್ಲಿ ಉಪಯೋಗಕ್ಕೆ ಬರುವುದು ಚಿಪ್ಪು. ಮಕ್ಕಳಿಗೆ ಕಡಲಿನ ಪಾಠ ಹೇಳಲು ಇದಕ್ಕಿಂತ ಒಳ್ಳೆಯದು ಬೇಕಾ?

ಮುಳ್ಳು ಅಲ್ಲಾಡುತ್ತಿದ್ದರೆ ಜೀವ ಇದೆ ಅಂತ ಅರ್ಥ, ನೀರಿಗೆ ಬಿಟ್ಟುಬಿಡಿ. ಸೈಂಟ್ ಮೇರೀಸ್ ದ್ವೀಪದಿಂದ ಮಾತ್ರ ಸತ್ತದ್ದನ್ನೂ ತರಬೇಡಿ, ಅಲ್ಲಿಯದು ಅಲ್ಲೇ ಇರಲಿ.

ತಂದ ಚಿಪ್ಪನ್ನು ಸಿಹಿನೀರಲ್ಲಿ ಒಂದು ರಾತ್ರಿ ನೆನೆಹಾಕಿ. ವಾಸನೆ ಇದ್ದರೆ ನೀರು ಬದಲಿಸಿ ಮತ್ತೆ ನೆನೆಸಿ. ಉಳಿದ ಮುಳ್ಳನ್ನು ಹಳೇ ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಿದರೆ ಉದುರುತ್ತದೆ, ಆದರೆ ಒತ್ತಿದರೆ ಚಿಪ್ಪೇ ಪುಡಿ. ಬ್ಲೀಚ್ ಹಾಕಲೇಬೇಕಂದರೆ ತುಂಬಾ ನೀರು ಬೆರೆಸಿ, ಸ್ವಲ್ಪ ಹೊತ್ತು ಮಾತ್ರ. ನನಗಂತೂ ಅದರ ನೇರಳೆ, ಹಸಿರು ಬಣ್ಣ ಹಾಗೇ ಉಳಿಯುವುದೇ ಇಷ್ಟ. ನೆರಳಲ್ಲಿ ಒಣಗಿಸಿ, ನೀರು ಬೆರೆಸಿದ ಫೆವಿಕಾಲ್ ತೆಳ್ಳಗೆ ಬಳಿದರೆ ಗಟ್ಟಿಯಾಗುತ್ತದೆ. ಆಮೇಲೆ ಕತ್ತಲೆ ಕೋಣೆಯಲ್ಲಿ ಕೆಳಗಿನ ಬಾಯಿಯ ತೂತಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಸೂಜಿ ಚುಚ್ಚಿದಂಥ ತೂತುಗಳ ಐದು ಪಟ್ಟಿಗಳು ಮೇಲಿಂದ ಕೆಳಗಿನವರೆಗೆ ಬೆಳಗುತ್ತವೆ, ಜೀವ ಇದ್ದಾಗ ಅದರ ಪುಟ್ಟ ಕೊಳವೆ ಕಾಲುಗಳು ಹೊರಗೆ ಬರುತ್ತಿದ್ದದ್ದು ಇವುಗಳಿಂದಲೇ. ಮಕ್ಕಳು ಎಣಿಸಲಿ, ಬಿಡಿ.

ಬಂಡೆ ಮೇಲೆ ನಡೆಯುವಾಗ ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿಯಿರುವ ನೀರಲ್ಲಿ ಕಾಲನ್ನು ಅರ್ಧ ಗಂಟೆಗಿಂತ ಜಾಸ್ತಿ ಇಡಿ, ಕಾಣುವ ಮುಳ್ಳನ್ನು ಚಿಮಟದಿಂದ ನೇರವಾಗಿ ಎಳೆಯಿರಿ. ಆಳಕ್ಕೆ ಹೋಗಿದ್ದರೆ ಅಥವಾ ಕೀಲಿನ ಹತ್ತಿರ ಚುಚ್ಚಿದ್ದರೆ ಡಾಕ್ಟರ್ ಹತ್ತಿರ ಹೋಗಿ, ಟಿಟಿ ಬಗ್ಗೆಯೂ ಕೇಳಿ.

ಸೌತೆಕಾಯಿಯಂತೆ ಉದ್ದಕ್ಕೆ, ಮೆತ್ತಗೆ ಇರುವ ಕಡಲಪ್ರಾಣಿ ಸಮುದ್ರಸೌತೆಯ (ಸೀ ಕುಕುಂಬರ್) ಲೆಕ್ಕವೇ ಬೇರೆ. ಚೀನಾದಲ್ಲಿ ಅದನ್ನು ಬೇಯಿಸಿ ಒಣಗಿಸಿ ಔಷಧಿ, ಹಬ್ಬದೂಟ ಎಂದು ಕೊಳ್ಳುತ್ತಾರೆ, ಅದಕ್ಕೇ ತಮಿಳುನಾಡಿನ ಮನ್ನಾರ್ ಕೊಲ್ಲಿಯಿಂದ ಕಳ್ಳಸಾಗಣೆ. ನಮ್ಮಲ್ಲಿ 2001ರಿಂದ ಇದು ವನ್ಯಜೀವಿ ಕಾಯ್ದೆಯಡಿ ರಕ್ಷಿತ, ಹಿಡಿಯುವುದು, ಮಾರುವುದು ಅಪರಾಧ. ಬೋಟುಗಳು ಮೀನು ಇಳಿಸುವ ದಕ್ಕೆಯಲ್ಲಿ ಬಲೆಗೆ ಬಂದದ್ದು ಕಂಡರೆ ಬೋಟಿನವರಿಗೆ ಹೇಳಿ. ಜೀವ ಇದ್ದರೆ ಒದ್ದೆ ಕೈಯಲ್ಲಿ ಅಡಿಯಿಂದ ಎತ್ತಿ ಬೇಗ ನೀರಿಗೆ ಬಿಡಬೇಕು. ಹಿಸುಕಬೇಡಿ, ಹೆದರಿದರೆ ಅದು ತನ್ನ ಕರುಳನ್ನೇ ಹೊರಗೆ ಕಕ್ಕುತ್ತದೆ. ಕರುಳು ಮತ್ತೆ ಬೆಳೆಯುತ್ತದೆ ನಿಜ, ಆದರೆ ಅದಕ್ಕೆ ವಾರಗಟ್ಟಲೆ ಬೇಕು. ಮರಳು ನುಂಗಿ, ಅದರಲ್ಲಿರುವ ಕೊಳೆ ತಿಂದು, ಚೊಕ್ಕ ಮರಳನ್ನು ಹಿಂದೆ ಬಿಡುವ ಪ್ರಾಣಿ ಅದು. ಮುಟ್ಟಿದ ಮೇಲೆ ಕೈ ತೊಳೆಯದೆ ಕಣ್ಣು ಉಜ್ಜಬೇಡಿ, ಅದರ ಮೈಯಲ್ಲಿ ವಿಷವೂ ಇರುತ್ತದೆ. ಯಾರಾದರೂ ಒಣಗಿಸಿ ಮಾರುತ್ತಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.