ಎರಡು ಬಣ್ಣದ ಗ್ಲೌಸ್ ಕೈಗೆ ಕೂರುವಂತೆ ಹೆಣೆಯುವುದು ಹೇಗೆ

ಚಿತ್ರ ಚೆನ್ನಾಗಿ ಬಂದಿರುತ್ತದೆ, ಕೈ ಮಾತ್ರ ಒಳಗೆ ಹೋಗುವುದಿಲ್ಲ. ಎರಡು ಬಣ್ಣದ ಗ್ಲೌಸ್ ಹೆಣೆಯುವವರಲ್ಲಿ ನಾನು ಜಾಸ್ತಿ ನೋಡಿರುವುದು ಇದನ್ನೇ. ನಾರ್ವೆಯ ಸೆಲ್ಬು ಗ್ಲೌಸನ್ನೇ ತೆಗೆದುಕೊಳ್ಳೋಣ. ಬಿಳಿ ನೂಲಿನ ಮೇಲೆ ಕಪ್ಪು ಎಂಟೆಸಳಿನ ಹೂವು. 1857ರಲ್ಲಿ ಮಾರಿತ್ ಎಮ್‌ಸ್ಟಾಡ್ ಎಂಬ ಹುಡುಗಿ ಹೆಣೆದದ್ದರಿಂದ ಶುರುವಾಯಿತು ಎನ್ನುತ್ತಾರೆ.

ನೂಲು ಅಪ್ಪಟ ಉಣ್ಣೆಯೇ ಇರಲಿ. ಅಂಗಡಿಯಲ್ಲಿ ಉಣ್ಣೆ ಅಂತ ಕೊಡುವುದು ಎಷ್ಟೋ ಸಲ ಅಕ್ರಿಲಿಕ್, ಲೇಬಲ್ ಓದಿ. ಅಕ್ರಿಲಿಕ್ ಜಾರುತ್ತದೆ, ಚಿತ್ರ ಗಟ್ಟಿಯಾಗಿ ಕೂರುವುದಿಲ್ಲ.

ಹೆಬ್ಬೆರಳು ಬಿಟ್ಟು, ಬೆರಳಿನ ಗೆಣ್ಣುಗಳ ಮೇಲೆ ಟೇಪ್ ಸುತ್ತಿ ಅಳತೆ ತೆಗೆಯಿರಿ. ಆಮೇಲೆ ಒಂದು ಮಾದರಿ ತುಂಡು ಹೆಣೆಯಿರಿ: ಎರಡೂ ಬಣ್ಣದಲ್ಲಿ, ಸುತ್ತು ಸುತ್ತಾಗಿ. ತೊಳೆದು ಒಣಗಿಸಿಯೇ ಅಳೆಯಬೇಕು. ಒಂದೇ ಬಣ್ಣದ ತುಂಡು ಅಳೆದರೆ ಪ್ರಯೋಜನವಿಲ್ಲ.

ಅಳತೆ ಹೊಂದದಿದ್ದರೆ ಕುಣಿಕೆ ಸೇರಿಸಲು ಹೋಗಬೇಡಿ, ಹೂವು ಮಧ್ಯದಲ್ಲೇ ಕತ್ತರಿಸಿ ಹೋಗುತ್ತದೆ. ಕಡ್ಡಿ ಬದಲಿಸಿ. 60 ಕುಣಿಕೆಯ ವಿನ್ಯಾಸ, 10 ಸೆಂ.ಮೀ.ಗೆ 30 ಬಂದರೆ ಸುತ್ತಳತೆ 20 ಸೆಂ.ಮೀ. ಸ್ವಲ್ಪ ದಪ್ಪ ಕಡ್ಡಿಯಲ್ಲಿ 28 ಬಂದರೆ ಸುಮಾರು 21.4. ಚಿತ್ರ ಹಾಗೇ ಉಳಿಯುತ್ತದೆ, ಕೈಗೆ ಜಾಗವೂ ಸಿಗುತ್ತದೆ.

ಈಗ ಎಲ್ಲರೂ ಎಡವುವ ಜಾಗ: ಒಂದು ಬಣ್ಣದಲ್ಲಿ ಹೆಣೆಯುವಾಗ ಹಿಂದೆ ಹಾದುಹೋಗುವ ಇನ್ನೊಂದು ಬಣ್ಣದ ನೂಲು. ಇದನ್ನು ಎಳೆದುಬಿಟ್ಟರೆ ಇಡೀ ಗ್ಲೌಸ್ ಬಿಗಿಯಾಗುತ್ತದೆ, ಆಮೇಲೆ ಎಷ್ಟು ತೊಳೆದರೂ ಅಷ್ಟೇ. ಬಣ್ಣ ಬದಲಿಸುವ ಮುಂಚೆ ಬಲಗಡ್ಡಿಯ ಮೇಲಿರುವ ಕುಣಿಕೆಗಳನ್ನು ಬೆರಳಲ್ಲಿ ಹರಡಿ, ಆಮೇಲೆ ಹೊಸ ಬಣ್ಣದ ಮೊದಲ ಕುಣಿಕೆ ಹಾಕಿ. ಐದು ಕುಣಿಕೆಗಿಂತ ಜಾಸ್ತಿ ದೂರ ಹೋಗುವ ನೂಲನ್ನು ನಡುವೆ ಒಮ್ಮೆ ಹೆಣೆಯುವ ನೂಲಿಗೆ ಸಿಕ್ಕಿಸಿ, ಇಲ್ಲದಿದ್ದರೆ ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಕಡ್ಡಿ ಮುಗಿದು ಇನ್ನೊಂದು ಶುರುವಾಗುವಲ್ಲಿ ನೂಲು ಬಿಗಿಯುವುದು ಜಾಸ್ತಿ. ಅಲ್ಲಿ ಕೈ ಬಿಗಿಯಾಗುವವರು ಹೆಣಿಗೆಯನ್ನು ಒಳಮೈ ಹೊರಗೆ ಬರುವಂತೆ ತಿರುಗಿಸಿ ಹೆಣೆಯಲಿ. ನೂಲು ಹೊರಗಿನಿಂದ ಸುತ್ತಿ ಬರುವುದರಿಂದ ತಾನಾಗಿ ಸಡಿಲವಾಗಿರುತ್ತದೆ.

ಕಪ್ಪು ನೂಲನ್ನು ಯಾವಾಗಲೂ ಬಿಳಿಯ ಕೆಳಗಿನಿಂದಲೇ ತನ್ನಿ, ಹೂವು ಎದ್ದು ಕಾಣುತ್ತದೆ. ನಡುವೆ ಅದಲುಬದಲು ಮಾಡಬೇಡಿ.

ಮಣಿಕಟ್ಟು ಸುಲಭ, ಹೆಬ್ಬೆರಳಿನ ಜಾಗ ವಿನ್ಯಾಸದಲ್ಲಿ ಇದ್ದ ಹಾಗೇ. ಬೆರಳುಗಳ ಬುಡದಲ್ಲಿ ಮಾತ್ರ ಎರಡು ಕುಣಿಕೆ ಹೆಚ್ಚಿಗೆ ಎತ್ತಿಕೊಳ್ಳಿ, ಸಂದಿಯಲ್ಲಿ ತೂತು ಬೀಳುವುದಿಲ್ಲ. ಪ್ರತಿ ಬೆರಳನ್ನೂ ಹಾಕಿ ನೋಡಿ, ಉಗುರಿನ ನಡುವಿಗೆ ಬಂದಾಗ ಕುಣಿಕೆ ಇಳಿಸಲು ಶುರು ಮಾಡಿ. ಮುಗಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಒತ್ತಿ, ಮಟ್ಟಸವಾಗಿ ಹರಡಿ ಒಣಗಿಸಿ.