ಹಳೆ ಪಿಕಪ್‌ನ ಆಯಿಲ್ ಲೀಕ್: ತೊಟ್ಟಿಕ್ಕುವುದು ಒಂದೆಡೆ, ಸೋರುವುದು ಇನ್ನೊಂದೆಡೆ

ಹತ್ತು ಹದಿನೈದು ವರ್ಷ ಟೊಮೆಟೊ, ಅಡಿಕೆ, ಸಿಮೆಂಟ್ ಹೊತ್ತ ಬೊಲೆರೊ ಪಿಕಪ್ ಆಗಲಿ, ಟಾಟಾ 207 ಆಗಲಿ, ನಿಂತ ಜಾಗದಲ್ಲಿ ಕಪ್ಪು ಕಲೆ ಬಿಡುವುದು ಹೊಸದೇನಲ್ಲ. ‘ಡೀಸೆಲ್ ಗಾಡಿ ಅಂದ್ಮೇಲೆ ಇದ್ದದ್ದೇ’ ಎಂದು ಆಗಾಗ ಆಯಿಲ್ ಸುರಿದು ಓಡಿಸುವವರಿದ್ದಾರೆ. ಕಲೆ ಕಂಡ ಕೂಡಲೇ ‘ಕ್ರ್ಯಾಂಕ್ ಸೀಲ್ (ಎಂಜಿನ್‌ನ ತಿರುಗುವ ದಂಡದ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆ) ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು’ ಎನ್ನುವ ಮೆಕ್ಯಾನಿಕ್‌ಗಳೂ ಇದ್ದಾರೆ. ಎರಡಕ್ಕೂ ಮೊದಲು ಒಂದು ಭಾನುವಾರ ಬಿಡುವು ಮಾಡಿಕೊಂಡು, ಆಯಿಲ್ ನಿಜಕ್ಕೂ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಸ್ಪ್ಯಾನರ್ ಹಿಡಿಯುವುದು ಆಮೇಲೆ.

ಯಾವ ಎಣ್ಣೆ?

ರಾತ್ರಿ ಗಾಡಿ ನಿಲ್ಲಿಸುವಾಗ ಎಂಜಿನ್‌ನಿಂದ ಹಿಂದಿನ ಆಕ್ಸಲ್‌ವರೆಗೆ ರಟ್ಟು ಹಾಸಿ, ಮುಂದಿನ ಟೈರ್ ಎಲ್ಲಿತ್ತೆಂದು ಅದರ ಮೇಲೆ ಗೆರೆ ಎಳೆಯಿರಿ. ಬೆಳಿಗ್ಗೆ ಆ ರಟ್ಟೇ ನಕ್ಷೆ. ಮಸಿಯಂತೆ ಕಪ್ಪಾಗಿದ್ದರೆ ಎಂಜಿನ್ ಆಯಿಲ್. ದಪ್ಪಗಿದ್ದು ಗಂಧಕದ ಘಾಟು ಹೊಡೆದರೆ ಗೇರ್ ಆಯಿಲ್. ನೀರಿನಂತೆ ತೆಳು, ಡೀಸೆಲ್ ವಾಸನೆ ಇದ್ದರೆ ಫ್ಯುಯೆಲ್ ಲೈನ್ ನೋಡಬೇಕು. ಕೆಂಪು ಬಣ್ಣವಿದ್ದರೆ ಪವರ್ ಸ್ಟೀರಿಂಗ್ ಇರಬಹುದು. ಹಸಿರೋ ಗುಲಾಬಿಯೋ ಇದ್ದು ಜಾರುವಂತಿದ್ದರೆ ಕೂಲಂಟ್.

ಜೊತೆಗೆ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದು ನೋಡಿ. ಮೇಲಿನ ಗೆರೆ ದಾಟಿ ಆಯಿಲ್ ತುಂಬಿದ್ದರೂ ಲೀಕ್ ಆಗುತ್ತದೆ. ಹಾಕದೆಯೇ ಮಟ್ಟ ಏರಿ, ಡೀಸೆಲ್ ವಾಸನೆ ಬಂದರೆ ಡೀಸೆಲ್ ಒಳಗೆ ಸೇರುತ್ತಿದೆ ಎಂದರ್ಥ. ಅಂಥ ಗಾಡಿಯನ್ನು ಓಡಿಸಬೇಡಿ. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ.

ಸೀಲ್‌ಗಿಂತ ಮೊದಲು ಬ್ರೀದರ್

ಹೆಚ್ಚಿನವರು ಹಾರಿಸಿಬಿಡುವ ಹಂತ ಇದೇ, ಹಾಗಾಗಿ ಸ್ವಲ್ಪ ನಿಲ್ಲೋಣ. ಪಿಸ್ಟನ್ ರಿಂಗ್ ದಾಟಿ ಒಂದಿಷ್ಟು ಹೊಗೆ ಯಾವಾಗಲೂ ಕೆಳಗಿಳಿಯುತ್ತದೆ. ಗ್ಯಾರೇಜ್ ಭಾಷೆಯಲ್ಲಿ ಇದು ‘ಬ್ಯಾಕ್ ಕಂಪ್ರೆಶನ್’. ಅದು ಹೊರಹೋಗುವ ದಾರಿಯೇ ಬ್ರೀದರ್ ಪೈಪ್. ಜಿಡ್ಡು ಕಟ್ಟಿ ಆ ಪೈಪ್ ಮುಚ್ಚಿದರೆ ಒತ್ತಡ ಒಳಗೇ ಉಳಿದು, ಚೆನ್ನಾಗಿರುವ ಸೀಲ್‌ನ ಅಂಚಿನಿಂದಲೂ ಆಯಿಲ್ ತಳ್ಳುತ್ತದೆ. ಆಗ ನೀವು ಸೀಲ್ ಬದಲಿಸುತ್ತಾ ಹೋಗುತ್ತೀರಿ, ಲೀಕ್ ಜಾಗ ಬದಲಿಸುತ್ತಾ ಹೋಗುತ್ತದೆ.

ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು, ಬೋರಲಾಗಿ ಅದೇ ಬಾಯಿಯ ಮೇಲಿಡಿ. ಸಣ್ಣಗೆ ಅಲುಗಿದರೆ ಚಿಂತೆಯಿಲ್ಲ. ಕುಣಿದು ಕೆಳಗೆ ಬಿದ್ದರೆ, ದಟ್ಟ ಹೊಗೆ ಪುಸಪುಸ ಬಂದರೆ, ಬ್ರೀದರ್ ಬಿಚ್ಚಿ ತೊಳೆದು ಮತ್ತೆ ನೋಡಿ. ಆಮೇಲೂ ಹಾಗೇ ಇದ್ದರೆ ರಿಂಗ್, ಲೈನರ್ (ಸಿಲಿಂಡರ್‌ನ ಒಳಗೋಡೆ) ಸವೆದಿರುವ ಸಾಧ್ಯತೆ ಹೆಚ್ಚು. ಹಾಗಿರುವಾಗ ಸೀಲ್‌ಗೆ ದುಡ್ಡು ಸುರಿಯುವುದು ದಂಡ.

ತೊಳೆಯದೆ ಹುಡುಕಬೇಡಿ

ವರ್ಷಗಳ ಜಿಡ್ಡಿನ ಮೇಲೆ ಹೊಸ ಲೀಕ್ ಕಾಣುವುದಿಲ್ಲ. ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಆಲ್ಟರ್ನೇಟರ್ ಮತ್ತು ಏರ್ ಫಿಲ್ಟರ್ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಡಿಗ್ರೀಸರ್ ಹೊಡೆದು ಬ್ರಷ್‌ನಿಂದ ಉಜ್ಜಿ, ಮೆಲ್ಲಗೆ ನೀರು ಬಿಡಿ. ಬಿಸಿ ಎಂಜಿನ್ನಿಗೆ, ಅದರಲ್ಲೂ ಇಂಜೆಕ್ಷನ್ ಪಂಪ್ ಮೇಲೆ ತಣ್ಣೀರು ಹೊಡೆಯಲೇಬೇಡಿ. ಪಂಪ್ ಜಾಮ್ ಆದರೆ ಆಯಿಲ್ ಲೀಕ್‌ನ ಖರ್ಚು ಏನೇನೂ ಅನ್ನಿಸುವುದಿಲ್ಲ.

ಒಣಗಿದ ಮೇಲೆ ಅನುಮಾನದ ಜಾಗಗಳಿಗೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ. ಹತ್ತು ನಿಮಿಷ ಐಡ್ಲಿಂಗ್, ಆಮೇಲೆ ಸುತ್ತಿನ ರಸ್ತೆಯಲ್ಲಿ ಒಂದು ಓಟ. ಒದ್ದೆಯಾದ ಪೌಡರ್ ಗೆರೆ ಎಳೆದಂತೆ ದಾರಿ ತೋರಿಸುತ್ತದೆ. ಲೀಕ್ ತೀರಾ ಸಣ್ಣದಾದರೆ ಆಯಿಲ್‌ಗೆ ಬೆರೆಸುವ ಯುವಿ ಡೈ ಸಿಗುತ್ತದೆ. ಅದನ್ನು ಹಾಕಿ ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟರೆ ಹಳದಿ ಹಸಿರಾಗಿ ಹೊಳೆಯುತ್ತದೆ.

ಮೇಲಿನಿಂದ ಕೆಳಗೆ, ಮುಂದಿನಿಂದ ಹಿಂದೆ

ಆಯಿಲ್ ಕೆಳಗಿಳಿಯುತ್ತದೆ, ಫ್ಯಾನ್ ಮತ್ತು ಓಟದ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಅತಿ ಮೇಲಿನದು, ಅತಿ ಮುಂದಿನದು ಯಾವುದೋ ಅದನ್ನೇ ಹಿಡಿಯಬೇಕು. ಚೇಂಬರ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಕೆಳಗಿನ ತೊಟ್ಟು ನೋಡಿ ಚೇಂಬರ್ ಪ್ಯಾಕಿಂಗ್ ಬದಲಿಸಿದವರು ಬಹಳ.

ಎಂಜಿನ್ ತಲೆಯ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್‌ನಿಂದ ಶುರು ಮಾಡಿ. ಅದರ ಹಿಂಭಾಗ, ಕ್ಯಾಬಿನ್ ಗೋಡೆಯ ಕಡೆಯದು, ಕಣ್ಣಿಗೆ ಬೀಳುವುದಿಲ್ಲ. ಮೊಬೈಲ್ ಕ್ಯಾಮೆರಾ ಒಳಗಿಳಿಸಿ ವಿಡಿಯೊ ತೆಗೆಯಿರಿ. ನಮ್ಮ ಹಳೆ ಡೀಸೆಲ್‌ಗಳಲ್ಲಿ ಮುಂದಿನ ಸರದಿ ವ್ಯಾಕ್ಯೂಮ್ ಪಂಪ್‌ನದು. ಬ್ರೇಕ್ ಬೂಸ್ಟರ್‌ಗಾಗಿ (ಪೆಡಲ್ ಒತ್ತಲು ನೆರವಾಗುವ ಭಾಗ) ಇರುವ ಈ ಪಂಪ್ ಬಹಳಷ್ಟು ಗಾಡಿಗಳಲ್ಲಿ ಆಲ್ಟರ್ನೇಟರ್ ಬೆನ್ನಿಗೇ ಕೂತಿರುತ್ತದೆ, ಎಂಜಿನ್ ಆಯಿಲ್‌ನಲ್ಲೇ ಕೆಲಸ ಮಾಡುತ್ತದೆ. ಅದರ ಆಯಿಲ್ ಹೋಸ್ ಬಿರುಕು ಬಿಟ್ಟರೂ ಒಳಗಿನ ಸೀಲ್ ಹೋದರೂ ಆಯಿಲ್ ಸೋರಿ ಆಲ್ಟರ್ನೇಟರ್ ಒಳಗೂ ಸೇರುತ್ತದೆ. ‘ಆಲ್ಟರ್ನೇಟರ್ ಪದೇ ಪದೇ ಹೋಗುತ್ತಿದೆ’ ಎಂಬ ದೂರಿನ ಹಿಂದೆ ಇದೇ ಇರಬಹುದು. ಬ್ರೇಕ್ ಪೆಡಲ್ ಒತ್ತಲು ಗಟ್ಟಿಯಾಗಿದ್ದರೆ ಇದನ್ನು ಇಂದೇ ನೋಡಿಸಿ.

ಆಮೇಲೆ ಟರ್ಬೊದ ಆಯಿಲ್ ಪೈಪ್‌ಗಳು, ಆಯಿಲ್ ಪ್ರೆಶರ್ ಸ್ವಿಚ್, ಫಿಲ್ಟರ್ ಕೂತ ಜಾಗ, ಮುಂದಿನ ಕ್ರ್ಯಾಂಕ್ ಪುಲ್ಲಿ, ಕೊನೆಗೆ ಡ್ರೈನ್ ಬೋಲ್ಟ್‌ನ ವಾಷರ್. ಹೊಸ ಫಿಲ್ಟರ್ ಹಾಕಿದ ಮೇಲೆ ಲೀಕ್ ಶುರುವಾಗಿದ್ದರೆ ಹಳೆ ಫಿಲ್ಟರ್‌ನ ರಬ್ಬರ್ ಅಲ್ಲೇ ಅಂಟಿಕೊಂಡಿದೆಯೇ ನೋಡಿ.

ಎಲ್ಲೂ ಸಿಗದೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ ಮಾತ್ರ ತೊಟ್ಟಿಕ್ಕುತ್ತಿದ್ದರೆ ಆಗ ಕ್ರ್ಯಾಂಕ್ ಸೀಲ್ ಅನುಮಾನ ಸರಿ. ಅಲ್ಲಿಯೂ ಬಣ್ಣ, ವಾಸನೆ ಇನ್ನೊಮ್ಮೆ ನೋಡಿ: ಗಂಧಕದ ಘಾಟಿದ್ದರೆ ಸೀಲ್ ಗೇರ್‌ಬಾಕ್ಸ್‌ನದು. ಗೇರ್‌ಬಾಕ್ಸ್ ಇಳಿಸುವುದು ಖಚಿತವಾದರೆ ಎರಡೂ ಸೀಲ್, ಕ್ಲಚ್ ಪ್ಲೇಟ್ ಒಟ್ಟಿಗೆ ನೋಡಿಸಿ, ಕೂಲಿ ಒಂದೇ.

ಹಿಂದಿನ ಆಕ್ಸಲ್ ಹೌಸಿಂಗ್‌ನಲ್ಲಿ ಲೀಕ್ ಇದ್ದರೆ ಸೀಲ್‌ಗೆ ಮೊದಲು ಅದರ ಗಾಳಿ ತೂತು ಮಣ್ಣಿನಿಂದ ಮುಚ್ಚಿದೆಯೇ ನೋಡಿ. ಹಿಂದಿನ ಚಕ್ರದ ಒಳಬದಿ ಒದ್ದೆಯಾಗಿದ್ದರೆ ಮಾತ್ರ ತಡ ಮಾಡುವಂತಿಲ್ಲ. ಆಯಿಲ್ ತಾಗಿದ ಬ್ರೇಕ್ ಶೂ ಲೋಡ್ ಗಾಡಿಯನ್ನು ಘಾಟಿಯಲ್ಲಿ ಹಿಡಿಯುವುದಿಲ್ಲ.

ಕೈ ಇಡುವ ಮುನ್ನ

ಬರೀ ಜ್ಯಾಕ್ ನಂಬಿ ಅಡಿಗೆ ಹೋಗಬೇಡಿ. ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಕಲ್ಲಿಡಿ. ಲುಂಗಿ, ಟವೆಲ್ ಬೆಲ್ಟ್ ಹತ್ತಿರ ಬೇಡ. ಇಂಜೆಕ್ಟರ್ ಪೈಪ್‌ನ ಲೀಕನ್ನು ಬೆರಳಿಂದ ಮುಟ್ಟಿ ಹುಡುಕಲೇಬಾರದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ ಕಂಡರೂ ಆಸ್ಪತ್ರೆಗೆ ಓಡಬೇಕು.

ರಿಪೇರಿಗೆ ಬಂದರೆ, ಲೀಕ್ ಕಂಡಲ್ಲೆಲ್ಲಾ ಸಿಲಿಕಾನ್ ಪೇಸ್ಟ್ ಬಳಿಯುವ ಚಾಳಿ ನನಗೆ ಹಿಡಿಸದು. ಒಳಕ್ಕೆ ಉಬ್ಬಿದ ಪೇಸ್ಟ್ ಕಿತ್ತುಬಂದು ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚಿಬಿಡಬಲ್ಲದು. ಟ್ಯಾಪೆಟ್ ಕವರ್ ಬೋಲ್ಟನ್ನು ಬಲ ಹಾಕಿ ಬಿಗಿದರೆ ತಗಡು ಬಾಗಿ ಲೀಕ್ ಹೆಚ್ಚುತ್ತದೆ. ‘ಸ್ಟಾಪ್ ಲೀಕ್’ ಡಬ್ಬಿ ಒಣಗಿದ ರಬ್ಬರನ್ನು ಕೊಂಚ ಮೆದು ಮಾಡಬಹುದು, ಹರಿದ ಪ್ಯಾಕಿಂಗ್ ಕೂಡಿಸುವುದಿಲ್ಲ.

ಕೆಲಸ ಮುಗಿದ ಮೇಲೆ ಆ ಜಾಗ ಒರೆಸಿ, ಕಿಲೋಮೀಟರ್ ಬರೆದಿಟ್ಟು, ಕೆಲವು ದಿನ ಮತ್ತೆ ರಟ್ಟು ಹಾಸಿ. ಇಳಿಸಿದ ಹಳೆ ಆಯಿಲನ್ನು ಬೇಲಿಗೂಟಕ್ಕೆ, ಕೊಟ್ಟಿಗೆ ಮರಕ್ಕೆ ಗೆದ್ದಲು ಬಾರದಿರಲೆಂದು ಬಳಿಯುವ ರೂಢಿ ಹಳ್ಳಿಗಳಲ್ಲಿದೆ. ಮಳೆಗೆ ಅದು ಮಣ್ಣಿಗಿಳಿದು ಬಾವಿಯ ದಾರಿ ಹಿಡಿಯುತ್ತದೆ, ಬೇಡ. ಕ್ಯಾನ್‌ಗೆ ತುಂಬಿ, ಹಳೆ ಆಯಿಲನ್ನು ಮರುಬಳಕೆಗೆ ಕೊಡುವ ಗ್ಯಾರೇಜಿಗೇ ಒಪ್ಪಿಸಿ.