ಅಂಜಲ್ ಇಲ್ಲದ ಮೀನೂಟದ ಹೋಟೆಲ್: ನನ್ನ ಅನುಭವ

ಅಂಜಲ್, ಮಾಂಜಿ, ಕಾಣೆಯಂಥ ದುಬಾರಿ ಮೀನು ಯಾವುದನ್ನೂ ನನ್ನ ಹೋಟೆಲಿನಲ್ಲಿ ಇಡುವುದಿಲ್ಲ ಎಂದು ಹೇಳಿದಾಗ ನಕ್ಕವರೇ ಜಾಸ್ತಿ. "ಮಂಗಳೂರಿನಲ್ಲಿ ಅಂಜಲ್ ತವಾ ಫ್ರೈ ಇಲ್ಲದ ಹೋಟೆಲಿಗೆ ಯಾರು ಬರ್ತಾರೆ ಮಾರಾಯ?" ಎಂದು ನನ್ನ ಭಾವನೇ ಕೇಳಿದ್ದರು. ಅವರದ್ದೂ ಹೋಟೆಲೇ. ಈಗ ಮಧ್ಯಾಹ್ನ ಒಂದೂವರೆಗೆ ಬಂದರೆ ನಮ್ಮಲ್ಲಿ ಕೂರಲು ಜಾಗ ಇರುವುದಿಲ್ಲ. ಭಾವನೂ ಆಗಾಗ ಬಂದು ಉಣ್ಣುತ್ತಾರೆ. ದುಡ್ಡು ತೆಗೆದುಕೊಳ್ಳುತ್ತೇನೆ.

ಲೆಕ್ಕ ಇಷ್ಟೇ. ಅಂಜಲ್ ಕಿಲೋಗೆ ಸಾವಿರದ ಹತ್ತಿರ ಹೋದ ದಿನಗಳುಂಟು. ತಲೆ, ಬಾಲ, ಹೊಟ್ಟೆ ಕಳೆದರೆ ಒಂದು ತುಂಡಿಗೆ 250 ರೂಪಾಯಿ ಹಾಕದೆ ಗಿಟ್ಟುವುದಿಲ್ಲ. ರಿಕ್ಷಾದವರು, ಅಂಗಡಿ ಹುಡುಗರು ದಿನಾ ಅಷ್ಟು ಕೊಡ್ತಾರಾ? ಉಳಿದ ತುಂಡು ಫ್ರಿಜ್ಜಿಗೆ, ಅಲ್ಲಿಂದ ಮಾರನೇ ದಿನದ ತಟ್ಟೆಗೆ. ಗಿರಾಕಿಗೆ ಮೊದಲ ತುತ್ತಿಗೇ ಗೊತ್ತಾಗುತ್ತದೆ.

ನನ್ನಲ್ಲಿ ಊಟಕ್ಕೆ 90. ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ಪಲ್ಯ, ಒಣ ಸಿಗಡಿ ಚಟ್ನಿ, ಉಪ್ಪಿನಕಾಯಿ. ಈ ರೇಟು ಅಲ್ಲಾಡುವುದಿಲ್ಲ. ಅಲ್ಲಾಡುವುದು ಫ್ರೈ ರೇಟು ಮಾತ್ರ. ಅದನ್ನು ದಿನಾ ಬಾಗಿಲ ಬಳಿಯ ಹಲಗೆಯಲ್ಲಿ ಚಾಕ್‌ನಲ್ಲಿ ಬರೆಯುತ್ತೇನೆ. ದಕ್ಕೆಯಲ್ಲಿ, ಅಂದರೆ ಮೀನಿನ ಬಂದರಿನಲ್ಲಿ, ಬಂಗುಡೆ ಕಿಲೋಗೆ 210 ಇದ್ದು, ಕಿಲೋಗೆ ಏಳು ಮೀನು ತೂಗಿದರೆ ಒಂದಕ್ಕೆ 30 ಬಿತ್ತು. ಅದರ ಎರಡರಷ್ಟು, ಮೇಲೆ ಎಣ್ಣೆ ಮಸಾಲೆಗೆ ಹತ್ತು. ಹಲಗೆಯಲ್ಲಿ 70. ರೇಟು 300 ದಾಟಿತೋ, ಆ ದಿನ ಬಂಗುಡೆಯೇ ಇಲ್ಲ. ಬದಲಿಗೆ ನಂಗ್ ಅಥವಾ ಬೂತಾಯಿ ಮೀನು. ಶುರುವಿನಲ್ಲಿ "ನಿನ್ನೆ 60 ಇತ್ತಲ್ಲ, ಇವತ್ತು 80 ಯಾಕೆ?" ಎಂದು ಜಗಳವಾಡಿದವರಿದ್ದರು. ಈಗ ಹಲಗೆ ನೋಡಿಯೇ ಒಳಗೆ ಬರುತ್ತಾರೆ.

ಒಂದೇ ಬಾಕ್ಸ್‌ನಲ್ಲಿ ಸಣ್ಣದು ದೊಡ್ಡದು ಎರಡೂ ಇರುತ್ತದೆ. ದೊಡ್ಡದು ಕಾವಲಿಗೆ, ಸಣ್ಣದೂ ತಲೆಗಳೂ ಸಾರಿಗೆ. ಬಿಸಾಡುವುದು ಕಿವಿರು ಮತ್ತು ಕರುಳು ಮಾತ್ರ. ಮೀನಿನ ಮೊಟ್ಟೆ ಸಿಕ್ಕಿದರೆ ಖಾಯಂ ಗಿರಾಕಿಗಳಿಗೆ ಸುಮ್ನೆ ಕೊಡುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಂಡರೆ ಸಿಗುವುದಕ್ಕಿಂತ ಕೊಟ್ಟರೆ ಸಿಗುವುದು ಜಾಸ್ತಿ.

ದುಡ್ಡು ಹೋದದ್ದು ಫ್ರೀಜರ್‌ನಲ್ಲಿ. ಸೆಕೆಂಡ್ ಹ್ಯಾಂಡ್, 22 ಸಾವಿರದ ಆಸುಪಾಸು. ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲವಲ್ಲ, ಮೇ ಕೊನೆಯಲ್ಲಿ ಬಂಗುಡೆ ತುಂಬಿಸಿಟ್ಟೆ. ಬಂಗುಡೆ ಜಿಡ್ಡಿನ ಮೀನು. ನಮ್ಮಂಥ ಫ್ರೀಜರ್‌ನಲ್ಲಿ ಕೆಲವೇ ವಾರಕ್ಕೆ ಕಮಟು ವಾಸನೆ ಹಿಡಿಯಿತು. ಒಬ್ಬರು ಹಿರಿಯರು ಒಂದು ಚೂರು ಮುರಿದು ಬಾಯಿಗಿಟ್ಟು, ಉಳಿದದ್ದನ್ನು ತಟ್ಟೆಯ ಅಂಚಿಗೆ ಸರಿಸಿ, ಚಟ್ನಿಯಲ್ಲೇ ಊಟ ಮುಗಿಸಿ, ಪೂರ್ತಿ ಬಿಲ್ ಕೊಟ್ಟು ಹೋದರು. ಒಂದು ಮಾತು ಆಡಲಿಲ್ಲ. ಉಳಿದ ಬಾಕ್ಸ್‌ಗಳನ್ನು ಅದೇ ಸಂಜೆ ತೆಂಗಿನ ಬುಡಕ್ಕೆ ಹಾಕಿಸಿದೆ. ಈಗ ಫ್ರೀಜರ್ ಇರುವುದು ಐಸ್ ಮಾಡಲು, ತೆಂಗಿನ ತುರಿ ಇಡಲು.

ಈಗ ಮಳೆಗಾಲದ ದಾರಿ ಬೇರೆ. ಪೂರ್ವ ಕರಾವಳಿಯ ಮೀನುಗಾರಿಕೆ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಜೂನ್ ಕೊನೆಯ ಹೊತ್ತಿಗೆ ಆ ಕಡೆಯ ಮೀನು ಲಾರಿಯಲ್ಲಿ ಬರುತ್ತದೆ. ನಾಡದೋಣಿಯ ಮೀನು ಸಿಕ್ಕಿದ ದಿನ ಹಬ್ಬ. ಏನೂ ಇಲ್ಲದ ದಿನ ಒಣಮೀನು ಮತ್ತು ಕೋಳಿಮೊಟ್ಟೆ. ಹಲಗೆಯಲ್ಲಿ ಹಾಗೆಯೇ ಬರೆಯುತ್ತೇನೆ. ಆ ಎರಡು ತಿಂಗಳು ವ್ಯಾಪಾರ ಅರ್ಧಕ್ಕೆ ಇಳಿಯುತ್ತದೆ, ಆದರೆ ಕೈಯಿಂದ ಹಾಕುವುದಿಲ್ಲ.

ಕಾವಲಿಯಲ್ಲಿ ಮೀನು ಹುರಿಯುವುದು ನಿಮಗೆ ಹೊಸತಲ್ಲ. ಎರಡು ಮಾತು ಹೇಳುತ್ತೇನೆ. ಗೀರು ಓರೆಯಾಗಿ, ನಡುಮುಳ್ಳು ಮುಟ್ಟುವಷ್ಟು ಆಳ ಇರಲಿ. ಮೊದಲು ಉಪ್ಪು ಅರಸಿನ ಮಾತ್ರ ಸವರಿ ಸ್ವಲ್ಪ ಹೊತ್ತು ಇಡಿ, ಬಿಟ್ಟ ನೀರು ಚೆಲ್ಲಿ, ಆಮೇಲೆ ಮಸಾಲೆ. ನೀರು ಚೆಲ್ಲದೆ ಹಚ್ಚಿದ ಮಸಾಲೆ ಮೀನಿನ ಮೇಲೆ ಉಳಿಯುವುದಿಲ್ಲ, ಕಾವಲಿಗೆ ಅಂಟುತ್ತದೆ. ಬ್ಯಾಡಗಿ, ಹುಳಿ, ಬೆಳ್ಳುಳ್ಳಿ, ಜೀರಿಗೆ ಎಲ್ಲರೂ ಹಾಕುವುದೇ. ಮಸಾಲೆ ಮೀನಿಗೆ ಅಂಟಲಿಕ್ಕೆ ಒಂದು ಚಮಚ ಅಕ್ಕಿಹಿಟ್ಟು. ಇನ್ನೊಂದು ಸಾಮಾನು ಉಂಟು, ಅದನ್ನು ನನ್ನ ಹೆಂಡತಿಯೇ ಬೆರೆಸುವುದು. ಕೆಲಸದ ಹುಡುಗರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

2025ರಲ್ಲಿ ತೆಂಗಿನೆಣ್ಣೆ ರೇಟು ಏರಿದಾಗ ಅರ್ಧಕ್ಕರ್ಧ ಬೇರೆ ಎಣ್ಣೆ ಬೆರೆಸಿ ನೋಡಿದೆ. ಎರಡನೇ ದಿನವೇ "ಎಣ್ಣೆ ಬದಲಾಯ್ತಾ ಅಣ್ಣ?" ಎಂದು ಕೇಳಿದರು. ನಿಲ್ಲಿಸಿದೆ. ಈಗ ತೆಂಗಿನೆಣ್ಣೆಯೇ, ಆದರೆ ಸುರಿಯುವುದಿಲ್ಲ. ಬಾಳೆಎಲೆಯ ದಂಟಿನ ತುದಿ ಜಜ್ಜಿ ಅದರಲ್ಲೇ ಸವರುವುದು. ಖರ್ಚು ಮೂರರಲ್ಲಿ ಒಂದು ಪಾಲು ಇಳಿಯಿತು.

ಸಾರಿಗೆ ಹುಣಸೆ ಬದಲು ಬಿಂಬುಳಿ ಎಂಬ ಹುಳಿಕಾಯಿ ಹಾಕಿಯೂ ನೋಡಿದ್ದೇನೆ. ಬೂತಾಯಿಗೆ ಭಾರೀ ಲಾಯ್ಕ, ಬಂಗುಡೆಗೆ ಅಷ್ಟಕ್ಕಷ್ಟೆ. ಬೂತಾಯಿ ಪುಳಿಮುಂಚಿಯನ್ನು, ಅಂದರೆ ಹುಳಿ ಖಾರದ ಗಸಿಯನ್ನು, ಮಣ್ಣಿನ ಮಡಕೆಯಲ್ಲಿ ಹಿಂದಿನ ಸಂಜೆಯೇ ಮಾಡಿಡುತ್ತೇವೆ. ಮಾರನೇ ದಿನ ಅದಕ್ಕೊಂದು ರುಚಿ ಬರುತ್ತದೆ, ಅಲ್ವಾ? ಆದರೆ ಬಿಳಿ ಶರ್ಟಿನ ಆಫೀಸಿನವರಿಗೆ ಮುಳ್ಳಿನ ಕಿರಿಕಿರಿ ಬೇಡ. ಅವರಿಗಾಗಿ ನಂಗ್ ರವಾ ಫ್ರೈ.

ಡೆಲಿವರಿ ಆ್ಯಪ್ ಸೇರು ಎಂದವರೂ ಇದ್ದಾರೆ. ಸೇರಿದ್ದೆ. ಬಿಲ್ಲಿನ ಕಾಲು ಭಾಗದಷ್ಟು ಅವರಿಗೇ ಹೋಯಿತು, ರವಾ ಫ್ರೈ ಡಬ್ಬಿಯೊಳಗೆ ಬೆವತು ಮೆತ್ತಗಾಯಿತು. ಈಗ ಪಾರ್ಸೆಲ್ ಎಂದರೆ ಪುಳಿಮುಂಚಿ ಮತ್ತು ಅನ್ನ ಮಾತ್ರ. ಫ್ರೈ ಬೇಕಾದವರು ಎರಡೂವರೆ ಒಳಗೆ ಬನ್ನಿ. ಆಮೇಲೆ ಹಲಗೆ ಒರೆಸುತ್ತೇವೆ.